ನಂಜಮ್ಮಕ್ಕನ ಗೊಂಬೆ ಮಂತ್ರಿಮಂಡಲ

ಊರವರೆಲ್ಲ ದಸರಾಕ್ಕೆ ಗೊಂಬೆ ಕೂರಿಸಿದರೆ ನಂಜಮ್ಮಕ್ಕ ದಿಲ್ಲಿಯ ಮಂತ್ರಿಮಂಡಲವನ್ನೇ ಕೂರಿಸುತ್ತಿದ್ದಳು. ಪಟ್ಟದ ಗೊಂಬೆಯೇ ಪ್ರಧಾನಿ. ಅಂಗಡಿ ಹರಡಿಕೊಂಡ ಡೊಳ್ಳುಹೊಟ್ಟೆಯ ಶೆಟ್ಟಿ ಹಣಕಾಸಿನ ಮಂತ್ರಿ. ರಕ್ಷಣೆಗೆ ಮೂಗು ಮುರಿದ ಒಬ್ಬ ಸಿಪಾಯಿ. ಹಬ್ಬದ ನಡುವೆ ಖಾತೆ ಬದಲಾದರೆ ಗೊಂಬೆಗಳೂ ಮೆಟ್ಟಿಲು ಬದಲಾಯಿಸಬೇಕಿತ್ತು.

ಸ್ವಾತಂತ್ರ್ಯ ಬಂದ ಹೊಸತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಗಂಡ ಹಾಸಿಗೆ ಹಿಡಿದ ಮೇಲೆ ಮಗ್ಗಕ್ಕೆ ತಾನೇ ಕೂತಿದ್ದಳು. ಓದು ಬಾರದು. ನಾನು ಪತ್ರಿಕೆ ಹಿಡಿದು ಜಗಲಿಗೆ ಬಂದರೆ ಲಾಳಿ ನಿಲ್ಲಿಸಿ ಕೇಳುವಳು: "ಏನಪ್ಪಾ, ಡೆಲ್ಲೀಲಿ ಯಾರು ಎದ್ರು, ಯಾರು ಕೂತ್ರು?"

ಆಗ ನೂಲಿಗೆ ಸರ್ಕಾರದ ಕಂಟ್ರೋಲು, ಅಳೆದು ಕೊಟ್ಟಷ್ಟೇ. ಮಗ್ಗಗಳು ವಾರಗಟ್ಟಲೆ ಸುಮ್ಮನಿರುತ್ತಿದ್ದವು. ಅಂಥ ಹೊತ್ತಿನಲ್ಲಿ ನಂದಿಬೆಟ್ಟಕ್ಕೆ ಹೊರಟಿದ್ದ ದಿಲ್ಲಿಯ ಬಟ್ಟೆ ಖಾತೆಯ ಮಂತ್ರಿ ನಮ್ಮ ಬೀದಿಯಲ್ಲಿ ಇಳಿದ. ಕನ್ನಡ ಬಲ್ಲವನು. ಅವಳ ಮಗ್ಗದ ಮೇಲೆ ಕೈಯಿಟ್ಟು, "ತಾಯಿ, ನಿಮಗೆ ನೂಲು ತಲುಪಿಸೋದು ನನ್ನ ಹೊಣೆ" ಎಂದ. ಮಾರಲು ಉಳಿದಿದ್ದ ಒಂದೇ ಒಂದು ಹಸಿರು ಸೀರೆಯನ್ನು ಅವನ ಹೆಂಡತಿಗೆಂದು ಎಲೆಅಡಿಕೆಯ ಜೊತೆ ಕೊಟ್ಟುಬಿಟ್ಟಳು. ಆ ದಸರಾದಲ್ಲಿ ಕೆಂಪು ಪೇಟದ ಗೊಂಬೆಯೊಂದು ಪ್ರಧಾನಿಯ ಪಕ್ಕಕ್ಕೇ ಏರಿತು. "ಇವ್ರು ನಮ್ಮ ಮಂತ್ರಿ" ಎಂದು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ನೂಲು ಬರಲಿಲ್ಲ. ಮರುವರ್ಷ ಮಂತ್ರಿಮಂಡಲ ಪುನರ್ರಚನೆಯಾಗಿ ಅವನಿಗೆ ಬೇರೆ ಖಾತೆ ಸಿಕ್ಕಿತು. ಮತ್ತೆ ಬೆಟ್ಟಕ್ಕೆ ಹೊರಟವನು ಊರಿನ ಬಂಗಲೆಯಲ್ಲಿ ತಂಗಿದ್ದಾನೆಂದು ತಿಳಿದು ಇಬ್ಬರೂ ಹೋಗಿ ಬಾಗಿಲಲ್ಲಿ ಕಾದೆವು. ಅವಳು ಕೈಮುಗಿದು ನೂಲಿನ ಮಾತೆತ್ತಿದಳು. "ಅದೀಗ ನನ್ನ ಖಾತೆಯಲ್ಲಮ್ಮ" ಎಂದವನೇ ಕಾರು ಹತ್ತಿದ. ಗುರುತೂ ಹಿಡಿಯಲಿಲ್ಲ. ಕಾರಿನೊಳಗೆ ಅವನ ಹೆಂಡತಿ ಅದೇ ಹಸಿರು ಸೀರೆ ಉಟ್ಟು ಕೂತಿದ್ದಳು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: "ಖಾತೆ ಬದ್ಲಾದ್ರೆ ಆಡಿದ ಮಾತೂ ಬದ್ಲಾಗೋಯ್ತದೇನಪ್ಪಾ?"

ಮುಂದಿನ ಸಂಕ್ರಾಂತಿಗೆ ಮೊದಲೇ ಮಗ್ಗ ಮಾರಿ, ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂಗಿಯ ಊರು ಹಿಂದೂಪುರಕ್ಕೆ ಹೋದವಳು ತಿರುಗಿ ಬರಲಿಲ್ಲ. ಹೋಗುವ ಮುಂಚಿನ ದಸರಾದಲ್ಲಿ ಗೊಂಬೆ ಕೂರಿಸಿದ್ದಳು. ಕೆಂಪು ಪೇಟದವನು ಪೆಟ್ಟಿಗೆಯಲ್ಲೇ ಉಳಿದಿದ್ದ. ಮೆಟ್ಟಿಲ ಮೇಲೆ ಆ ಜಾಗ ಖಾಲಿಯಿತ್ತು.

"ಬಟ್ಟೆ ಖಾತೆಗೆ ಹೊಸಬ್ರು ಬಂದವ್ರಲ್ಲಕ್ಕಾ, ಬೇರೆ ಗೊಂಬೆ ಇಡಲ್ವಾ?" ಎಂದೆ.

"ಬ್ಯಾಡ ಕಣಪ್ಪಾ" ಎಂದಳು. "ಇಟ್ರೆ ಮತ್ತೆ ನಂಬಿಬಿಡ್ತೀನಿ."