ಹೊಸೆಯುವಾಗ ಕಣ್ಣು ಮುಚ್ಚು

ಮಾತಾಡುತ್ತ ಮಾತಾಡುತ್ತಲೇ ಕಣ್ಣು ಮುಚ್ಚಿಬಿಡುತ್ತಿದ್ದರು ನಮ್ಮ ಡಾಕ್ಟರಮ್ಮ. ನಾವೆಲ್ಲ ಪಟಕ್ಕನೆ ರೆಪ್ಪೆ ಹೊಡೆಯುತ್ತೇವಲ್ಲ, ಹಾಗಲ್ಲ. ಮೇಲಿನ ರೆಪ್ಪೆ ನಿಧಾನವಾಗಿ ಇಳಿದು ಕೆಳಗಿನ ರೆಪ್ಪೆಗೆ ಪೂರ್ತಿ ತಾಗಬೇಕು, ಒಂದೆರಡು ಕ್ಷಣ ಅಲ್ಲೇ ನಿಲ್ಲಬೇಕು, ಆಮೇಲೆ ತೆರೆಯಬೇಕು. ಅಷ್ಟು ಹೊತ್ತು ಎದುರಿಗೆ ಕೂತವರು ಅರ್ಧಕ್ಕೆ ನಿಂತ ಮಾತು ಹಿಡಿದುಕೊಂಡು ಕಾಯಬೇಕು. ರೆಪ್ಪೆಗಳ ಅಂಚು ಸದಾ ಕೆಂಪು. ಮೇಜಿನ ಮೇಲೆ ನೀರಿನ ಬಾಟಲಿ, ಎರಡು ಮಾತಿಗೊಂದು ಗುಟುಕು. ಮೊದಲ ಸಲ ನೋಡಿದಾಗ, ಈಯಮ್ಮ ನಿದ್ದೆಗೆಟ್ಟು ಬಂದು ನನ್ನ ಮುಂದೆ ತೂಕಡಿಸುತ್ತಿದ್ದಾರೆ ಎಂದುಕೊಂಡೆ. ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ನಮ್ಮ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

ನಾನು ದೊಡ್ಡಬಳ್ಳಾಪುರದ ಮಗ್ಗದ ಬೀದಿಯ ಸೊಸೆ. ಹುಟ್ಟಿದ್ದು ಇದೇ ತಾಲ್ಲೂಕಿನ ಮಧುರೆಯ ಹತ್ತಿರ, ಬೇಸಾಯದ ಮನೆಯಲ್ಲಿ. ಮದುವೆಯಾಗಿ ಬಂದ ಮೂರನೇ ತಿಂಗಳಿಗೆ ಅತ್ತೆ ನನ್ನನ್ನು ಎಳೆ ಸೇರಿಸುವುದಕ್ಕೆ ಕೂರಿಸಿದರು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ರೇಷ್ಮೆ ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಬೇಕು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ, ಒಂದೊಂದೂ ತಲೆಗೂದಲಿಗಿಂತ ಸಣ್ಣ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ಎಳೆ ಆರಿಸುವುದು, ಎರಡು ತುದಿ ಕೂಡಿಸುವುದು, ಹೊಸೆದು ಬಿಡುವುದು. ಒಂದೇ ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ.

ಅತ್ತೆ ಮೊದಲ ದಿನವೇ ಹೇಳಿದ್ದು ಒಂದೇ ಮಾತು: “ಎಳೆ ಕೈಲಿರೋವಾಗ ರೆಪ್ಪೆ ಹೊಡೀಬಾರ್ದು ಕಣೇ. ರೆಪ್ಪೆ ಹೊಡೆದ್ಯೋ, ಎಳೆ ಹೋಯ್ತು.”

ಅವರ ಅತ್ತೆ ಅವರಿಗೆ ಹೇಳಿಕೊಟ್ಟಿದ್ದೂ ಅದೇ. ನಮ್ಮ ಬೀದಿಯಲ್ಲಿ ಅದೊಂದು ಜಂಬದ ವಿಷಯ. ಯಾರು ಎಷ್ಟು ಹೊತ್ತು ಕಣ್ಣು ಮಿಟುಕಿಸದೆ ಕೂರುತ್ತಾರೆ ಎಂದು ಹೆಂಗಸರು ಪಂಥ ಕಟ್ಟುತ್ತಿದ್ದೆವು. ಹತ್ತು ವರ್ಷದೊಳಗೆ ನನ್ನನ್ನು ಮೀರಿಸುವವರು ಇರಲಿಲ್ಲ. ನಗಬೇಡಿ, ಹತ್ತನೇ ಕ್ಲಾಸು ಫೇಲಾದವಳಿಗೆ ಊರೊಳಗೆ ಇದ್ದ ಹೆಸರು ಅದೊಂದೇ.

ನಲವತ್ತು ದಾಟಿದ ಮೇಲೆ ಕಣ್ಣು ಉರಿಯತೊಡಗಿತು. ಮರಳು ಬಿದ್ದ ಹಾಗೆ ಒತ್ತುವುದು, ಮಧ್ಯಾಹ್ನವಾದರೆ ಒಂದು ಎಳೆ ಎರಡಾಗಿ ಕಾಣುವುದು, ಗಾಳಿಗೆ ಬಂದರೆ ಸಾಕು ಬಳಬಳ ನೀರು. ಹರಳೆಣ್ಣೆ ಬಿಟ್ಟೆ. ನಂದಿಬಟ್ಟಲು ಹೂವಿನ ರಸ ಬಿಟ್ಟೆ. ಕೊನೆಗೆ ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಹನಿಮದ್ದು ತಂದೆ. ಎರಡು ದಿನಕ್ಕೆ ಕಣ್ಣು ಬೆಳ್ಳಗಾಯಿತು, ಉರಿ ನಿಂತಿತು. ಅಬ್ಬಾ, ಸಿಕ್ಕಿತಲ್ಲ ಎಂದುಕೊಂಡು ಬಾಟಲಿ ಮುಗಿದಾಗಲೆಲ್ಲ ಅದನ್ನೇ ತಂದು ಒಂದು ವರ್ಷ ಹಾಕಿದೆ. ಆದರೂ ಕಣ್ಣು ದಿನೇ ದಿನೇ ಮಂಕಾಯಿತು. ಒಂದೇ ವಾರದಲ್ಲಿ ಎರಡು ಹಾಸಿನಲ್ಲಿ ನಾನು ಸೇರಿಸಿದ ಎಳೆ ತಪ್ಪಿತು. ನಾನು ಕೂಲಿಗೆ ಹೋಗುತ್ತಿದ್ದ ಪಕ್ಕದ ಮಗ್ಗದ ಯಜಮಾನರು ಒಳ್ಳೆಯವರು, ಬೈಯಲಿಲ್ಲ. “ಅಕ್ಕಾ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ಈ ಹಾಸು ಸೇರ್ಸೋಕೆ ಬೇರೆಯವ್ರನ್ನ ಕರೆಸ್ಕೋತೀನಿ,” ಎಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ದಿನ ಊಟ ಸೇರಲಿಲ್ಲ. ಈ ಕೆಲಸ ಹೋದರೆ ನಾನು ಯಾರು ಎಂಬುದೇ ನನಗೆ ಗೊತ್ತಿರಲಿಲ್ಲ.

ಹಾಗೆ ಹೋಗಿದ್ದು ಬಸ್ ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಕಣ್ಣಿನ ಕ್ಲಿನಿಕ್ಕಿಗೆ.

“ಏನ್ ತೊಂದ್ರೆ?” ಎಂದರು ಡಾಕ್ಟರಮ್ಮ.

“ಕಣ್ಣಲ್ಲಿ ನೀರು ಸುರೀತದೆ. ನಿಲ್ಸೋಕೆ ಏನಾದ್ರೂ ಕೊಡಿ ಮೇಡಂ.”

ಕಣ್ಣಿಗೆ ಹಳದಿ ಬಣ್ಣದ ಮದ್ದು ಸೋಕಿಸಿದರು. ಯಂತ್ರದ ಮೇಲೆ ಗಲ್ಲ ಇಡಿಸಿ ನೀಲಿ ಬೆಳಕು ಬಿಟ್ಟರು. “ಈಗ ಒಂದ್ಸಲ ರೆಪ್ಪೆ ಹೊಡಿ. ಆಮೇಲೆ ತೆಗೆದೇ ಇರು,” ಎಂದು ಎಣಿಸತೊಡಗಿದರು. “ಒಂದು, ಎರಡು, ಮೂರು. ಒಡೀತು.” ಏನು ಒಡೆಯಿತೋ ನನಗೆ ಗೊತ್ತಾಗಲಿಲ್ಲ. ರೆಪ್ಪೆ ಹೊಡೆಯದಿರುವುದು ನನ್ನ ವಿದ್ಯೆ, ಬಿಡುತ್ತೇನೆಯೇ? ತೋರಿಸೇಬಿಡೋಣ ಎಂದು ಕಣ್ಣು ಕಿಸಿದು ಕೂತೇ ಕೂತೆ. ಡಾಕ್ಟರಮ್ಮ ಯಂತ್ರದಿಂದ ತಲೆ ಎತ್ತಿ ನನ್ನನ್ನು ನೋಡಿದರು. “ಸಾಕು, ಮುಚ್ಚು ತಾಯಿ! ನೋಡೋಕೆ ನಂಗೇ ಉರೀತಿದೆ,” ಎಂದರು.

ಆಮೇಲೆ ಹೇಳಿದರು, ನನ್ನ ಕಣ್ಣು ಒಣಗಿದೆಯಂತೆ.

ನಾನು ಎದ್ದು ನಿಂತೆ. “ನೀರು ಸುರೀತದೆ ಅಂತ ಬಾಯ್ಬಿಟ್ಟು ಹೇಳ್ತಿದೀನಿ, ಒಣಗಿದೆ ಅಂತೀರಲ್ಲ! ಬರ್ತೀನಿ.”

“ಕೂತ್ಕೋ,” ಎಂದರು. ದನಿ ಏರಿಸಲಿಲ್ಲ. “ಮನೆಗೆ ಬೆಂಕಿ ಬಿದ್ರೆ ಬೀದಿಯವರೆಲ್ಲ ಕೊಡ ತಂದು ಸುರೀತಾರೆ. ನಿನ್ನ ಕಣ್ಣಲ್ಲಿ ಸುರಿಯೋದು ಆ ನೀರು. ಉರಿಗೆ ಹೆದರಿ ಬರೋದು, ಬಂದು ಹೋಗಿಬಿಡೋದು. ದಿನಾ ಇರ್ಬೇಕಾದ ನೀರು ಬೇರೆ. ತೆಳ್ಳಗೆ ಕಣ್ಣಿನ ಮೇಲೆ ಹರಡಿರುತ್ತೆ, ಅದರ ಮೇಲೊಂದು ಎಣ್ಣೆ ಪಸೆ. ಸಾರಿನ ಮೇಲೆ ಒಗ್ಗರಣೆ ತೇಲುತ್ತಲ್ಲ, ಹಾಗೆ. ಎಣ್ಣೆ ಇದ್ರೆ ನೀರು ಆರಲ್ಲ. ಆ ಎಣ್ಣೆ ಬರೋದು ರೆಪ್ಪೆ ಅಂಚಲ್ಲಿರೋ ಸಣ್ಣ ಸಣ್ಣ ತೂತುಗಳಿಂದ, ರೆಪ್ಪೆ ಪೂರ್ತಿ ಮುಚ್ಚಿದಾಗ. ನೀನು ಮುಚ್ಚೋದೇ ಇಲ್ಲ. ತೂತೆಲ್ಲ ಕಟ್ಕೊಂಡಿವೆ. ಮೂರು ಎಣಿಸೋದ್ರೊಳಗೆ ನಿನ್ನ ಕಣ್ಣಿನ ಪಸೆ ಒಡೆದುಹೋಗ್ತಿದೆ.”

ಇಪ್ಪತ್ತು ವರ್ಷ ನಾನು ಬೀದಿಯ ಮುಂದೆ ಮೆರೆದ ವಿದ್ಯೆಯೇ ನನ್ನ ಕಣ್ಣು ತಿನ್ನುತ್ತಿತ್ತು.

ಏನೇನು ಹಾಕಿದ್ದೀಯ ಎಂದು ಕೇಳಿದರು. ಪರ್ಸಿನಿಂದ ಬಾಟಲಿ ತೆಗೆದು ಕೊಟ್ಟೆ. ಅದರ ಮೇಲಿನ ಅಕ್ಷರ ಓದಿದ್ದೇ ಅವರ ಮುಖ ಬಿಗಿಯಿತು. “ಇದು ಸ್ಟೀರಾಯ್ಡ್. ಕೆಂಪು ಮುಚ್ಚುತ್ತೆ, ಕಾಯಿಲೆ ಮುಚ್ಚಲ್ಲ. ಡಾಕ್ಟರ್ ನೋಡ್ತಾ ಇದ್ದು ಹಾಕ್ಬೇಕಾದ ಮದ್ದು ಇದು. ಸುಮ್ನೆ ವರ್ಷಗಟ್ಲೆ ಹಾಕಿದ್ರೆ ಒಳಗೆ ಒತ್ತಡ ಏರಿ ಕಣ್ಣಿನ ನರ ಸಾಯುತ್ತೆ. ಸತ್ತ ನರ ಯಾರಿಂದ್ಲೂ ವಾಪಸ್ ತರೋಕಾಗಲ್ಲ.” ಒತ್ತಡ ಅಳೆದರು. ಏರಿತ್ತು. ನರ ನೋಡಿದರು. ಇನ್ನೂ ನೆಟ್ಟಗಿತ್ತು. ಆ ಎರಡು ಪರೀಕ್ಷೆಯ ನಡುವೆ ನಾನು ಮನೆದೇವರಿಗೆ ಏನೇನು ಹರಕೆ ಹೊತ್ತೆನೋ ಈಗ ನೆನಪಿಲ್ಲ.

ಆ ಬಾಟಲಿ ಬಿಡಿಸಿ ಬೇರೆ ಚಿಕಿತ್ಸೆ ಹೇಳಿದರು: ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ರೆಪ್ಪೆಯ ಮೇಲೆ ಎರಡು ಹೊತ್ತು ಇಡುವುದು, ಆಮೇಲೆ ಬೆರಳಲ್ಲಿ ಮೆಲ್ಲಗೆ ಅಂಚಿನ ಕಡೆಗೆ ನೀವುವುದು, ರೆಪ್ಪೆಗೂದಲ ಬುಡ ಒರೆಸುವುದು, ಕಣ್ಣೀರಿನಂಥದೇ ಹನಿಮದ್ದು ಹಾಕುವುದು. ಆ ಮದ್ದು ಪುಟ್ಟ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿ ಬರುತ್ತದೆ, ತುದಿ ಮುರಿದು ಹಾಕಿಕೊಳ್ಳಬೇಕು. ಕೆಳರೆಪ್ಪೆ ಎಳೆದು ಹನಿ ಬಿಡುವುದನ್ನು ಮೂರು ಸಲ ಮಾಡಿ ತೋರಿಸಿ, ನಾಲ್ಕನೆಯದನ್ನು ನನ್ನ ಕೈಯಲ್ಲೇ ಮಾಡಿಸಿದರು.

ತಿಂಗಳಿಗೆ ಒತ್ತಡ ಇಳಿಯಿತು. ಬೆಳಗಿನ ಉರಿ ಹೋಯಿತು. ಆದರೆ ಕೆಲಸಕ್ಕೆ ಕೂತರೆ ಮಧ್ಯಾಹ್ನಕ್ಕೆ ಮತ್ತೆ ಅದೇ ಮರಳು. “ಕೆಲ್ಸ ಬಿಡು ಅಂತ ಹೇಳ್ಬಿಡ್ತೀರಾ ಮೇಡಂ?” ಎಂದು ಕೇಳಿಯೇಬಿಟ್ಟೆ.

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. “ಎಲ್ಲಿ ಕೂತು ಮಾಡ್ತೀಯೋ ನೋಡ್ಬೇಕು. ಭಾನುವಾರ ಬರ್ತೀನಿ,” ಎಂದರು.

ದೊಡ್ಡವರು ಬಾಯಿಮಾತಿಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಭಾನುವಾರ ಹನ್ನೊಂದು ಗಂಟೆಗೆ ಕಾಟನ್ ಸೀರೆ, ಕಾಲಿಗೆ ಬೂಟು ಹಾಕಿಕೊಂಡು ಆಟೋದಿಂದ ಇಳಿದರು! ಮನೆಯೆಲ್ಲ ಗಾಬರಿ. ಕುರ್ಚಿ ಕೊಟ್ಟರೆ ಬೇಡವೆಂದು ಮಗ್ಗದ ಪಕ್ಕ ಚಾಪೆಯ ಮೇಲೆ ಕೂತರು. ಗಾಳಿಗೆ ಎಳೆ ಸಿಕ್ಕಾಗುತ್ತದೆಂದು ನಾವು ಕಿಟಕಿ ತೆರೆಯುವುದಿಲ್ಲ. ಸೆಕೆಗೆಂದು ನನ್ನ ಮುಖಕ್ಕೆ ನೇರವಾಗಿ ಒಂದು ಪುಟ್ಟ ಫ್ಯಾನು. ಮೊದಲು ಅದನ್ನು ಗೋಡೆಯ ಕಡೆ ತಿರುಗಿಸಿದರು. ಚೌಕಾಬಾರಕ್ಕೆ ಇಟ್ಟಿದ್ದ ಹುಣಸೆಬೀಜ ಒಂದು ಹಿಡಿ ಇಸಿದುಕೊಂಡು, “ನೀನು ನಿನ್ನ ಕೆಲ್ಸ ಮಾಡು, ನಾನಿಲ್ಲ ಅಂದ್ಕೋ,” ಎಂದರು.

ನಾನು ಒಂದು ಗೇಣು ಅಗಲದ ಎಳೆ ಸೇರಿಸಿ ಮುಗಿಸಿದೆ. ತಿರುಗಿ ನೋಡಿದರೆ ಎಡಗಡೆ ಬೀಜದ ರಾಶಿ ಹಾಗೆಯೇ ಇದೆ, ಬಲಗಡೆ ಆರೋ ಏಳೋ ಬೀಜ. ನಾನು ರೆಪ್ಪೆ ಹೊಡೆದದ್ದು ಅಷ್ಟೇ ಸಲ. “ಇವೂ ಅರ್ಧಂಬರ್ಧ ಮುಚ್ಚಿದ್ದು,” ಎಂದರು.

ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆಗೆ ತಡೆಯಲಾಗಲಿಲ್ಲ. “ರೆಪ್ಪೆ ಹೊಡೆದ್ರೆ ಎಳೆ ಹೋಗ್ತದೆ ಡಾಕ್ಟ್ರೇ. ನಿಮಗೆ ನಮ್ ಕಸುಬು ಗೊತ್ತಿಲ್ಲ.”

“ಗೊತ್ತಿಲ್ಲಮ್ಮ. ಕಲಿಸಿಕೊಡಿ.”

ಅತ್ತೆ ಗತ್ತಿನಿಂದಲೇ ಬಂದು ಕೂತು ಬೂದಿ ಹಚ್ಚುವುದು, ಆರಿಸುವುದು, ಹೊಸೆಯುವುದು ತೋರಿಸಿದರು. ನನಗೆ ಕೈ ಕೂರಲು ಒಂದು ವರ್ಷ ಬೇಕಾಯಿತು. ಡಾಕ್ಟರಮ್ಮ ಮೂರನೆಯ ಎಳೆಗೇ ಹದ ಹಿಡಿದುಬಿಟ್ಟರು. ಎಳೆ ತಾನಾಗಿ ಬಂದು ಆ ಬೆರಳಲ್ಲಿ ಕೂರುತ್ತಿತ್ತು. ಅತ್ತೆ ದಂಗಾಗಿ, “ಏನ್ ಕೈ ತಾಯಿ ನಿಮ್ದು!” ಎಂದರು.

“ಹದಿನೆಂಟು ವರ್ಷ ಪೊರೆ ತೆಗೆದ ಕೈ ಇದು,” ಎಂದರು ಡಾಕ್ಟರಮ್ಮ, ಎಳೆಯಿಂದ ಕಣ್ಣೆತ್ತದೆ. “ಈಗ ಆಪರೇಷನ್ ಮಾಡಲ್ಲ. ನನ್ನ ಕಣ್ಣು ಒಣಗಿಹೋಯ್ತು. ನಿಮ್ ಸೊಸೆ ಥರ ಅಲ್ಲ, ನಂದು ಬೇರೆ. ನನ್ನ ಮೈಯೇ ನನ್ನ ಕಣ್ಣೀರಿನ ಗ್ರಂಥಿ ತಿಂತಿದೆ. ಬಾಯಿನೂ ಒಣಗುತ್ತೆ, ಅದಕ್ಕೇ ಹೋದಲ್ಲೆಲ್ಲ ಈ ನೀರಿನ ಬಾಟ್ಲಿ. ಊರಿಗೆಲ್ಲ ಹೇಳೋ ನಂಗೆ ನಂದೇ ಗೊತ್ತಾಗ್ಲಿಲ್ಲ. ಸುಸ್ತು, ನಿದ್ದೆ ಇಲ್ಲ ಅಂದ್ಕೊಂಡು ತಳ್ಳಿದೆ. ಗೊತ್ತಾಗೋ ಹೊತ್ತಿಗೆ ಕರಿಗುಡ್ಡೆ ಮೇಲೆ ಗಾಯ ಆಗಿತ್ತು.”

ಅತ್ತೆ ಆ ಬಾಟಲಿಯನ್ನು ಅವರ ಕೈಗೆಟುಕುವಂತೆ ಹತ್ತಿರ ಸರಿಸಿದರು.

“ನಿಂದು ಉಳಿಯುತ್ತೆ ಕಣೇ,” ಎಂದು ನನ್ನ ಕಡೆ ತಿರುಗಿದರು. “ಕೈಗೆ ಬಂದ ಕೆಲ್ಸ ಬಿಡೋದು ಅಂದ್ರೇನು ಅಂತ ನಂಗೊತ್ತು. ನಿನ್ನ ಕೈಲಿ ಬಿಡಿಸಲ್ಲ.”

ಮತ್ತೆ ಇಪ್ಪತ್ತು ಮೂವತ್ತು ಎಳೆ ಸೇರಿಸಿದರು. ಇದ್ದಕ್ಕಿದ್ದಂತೆ, ಎರಡು ತುದಿ ಕೂಡಿಸಿ ಹೊಸೆಯುತ್ತಿರುವಾಗಲೇ, ಕಣ್ಣು ಪೂರ್ತಿ ಮುಚ್ಚಿದರು. ಬೆರಳು ನಿಲ್ಲಲಿಲ್ಲ. ತೆರೆದಾಗ ಎಳೆ ಕೂಡಿತ್ತು. ಇನ್ನೊಂದು ಆರಿಸಿದರು, ಹಿಡಿದರು, ಮುಚ್ಚಿದರು, ಹೊಸೆದರು. ಅದೂ ಕೂಡಿತು.

“ಅಮ್ಮಾ, ಎಳೆ ಆರಿಸೋಕೆ ಕಣ್ಣು ಬೇಕು, ಒಪ್ದೆ. ಹೊಸೆಯೋಕೆ ಯಾಕೆ? ಅದು ಬೆರಳಿಗೇ ಗೊತ್ತಲ್ಲ.” ಆಮೇಲೆ ನನಗೆ ಹೇಳಿದರು: “ಹೊಸೆಯುವಾಗ ಕಣ್ಣು ಮುಚ್ಚು. ಅಷ್ಟೇ ನಿನ್ನ ಔಷಧಿ.”

ಅತ್ತೆ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತ ಕೂತುಬಿಟ್ಟರು. ಅವರು ಕೂತಿದ್ದು ಐವತ್ತು ವರ್ಷ, ಅವರ ಅತ್ತೆ ಅದಕ್ಕೂ ಮುಂಚೆ. ಯಾರಿಗೂ ಹೊಳೆಯದ್ದು, ಒಂದು ಗಂಟೆ ಚಾಪೆಯ ಮೇಲೆ ಕೂತ ಈಯಮ್ಮನಿಗೆ ಹೊಳೆಯಿತು. ಕಾಲಿಗೆ ಬೀಳಲು ಹೋದರೆ, “ಏಳೇ, ಬೂದಿ ಕೈ ಕಣ್ಣಿಗೆ ಮುಟ್ಟಿಸ್ಕೋಬೇಡ, ತೊಳ್ಕೊಂಡು ಬಾ ಹೋಗು,” ಎಂದು ಗದರಿದರು.

ಮೊದಲ ದಿನ ಸಾಲು ಸಾಲಾಗಿ ತಪ್ಪಿದೆ. ವಾರ ಕಳೆಯುವಷ್ಟರಲ್ಲಿ ಹತ್ತಕ್ಕೆ ಎಂಟು ಸರಿ ಬಂತು. ಆರು ತಿಂಗಳಿಗೆ ಯಜಮಾನರು ಜರಿ ಅಂಚಿನ ಹಾಸು ಸೇರಿಸಲು ನನ್ನನ್ನೇ ಕರೆದರು. ನಮ್ಮ ಬೀದಿಯಲ್ಲಿ ಈಗ ಹತ್ತಾರು ಹೆಂಗಸರು ಹಾಗೆಯೇ ಮಾಡುತ್ತಾರೆ. ಅವರಿಗೆಲ್ಲ ಹೇಳಿಕೊಟ್ಟಿದ್ದು ನಮ್ಮತ್ತೆ, ತಾವೇ ಕಂಡುಹಿಡಿದ ಹಾಗೆ! ನಾನು ಒಂದೆರಡು ಸಲ ಜಗಳವಾಡಿ ಬಿಟ್ಟೆ. ಡಾಕ್ಟರಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು.

ಹೋದ ವರ್ಷ ಡಾಕ್ಟರಮ್ಮನ ತಾಯಿ ತೀರಿಕೊಂಡರು. ಸುದ್ದಿ ಕ್ಲಿನಿಕ್ಕಿನ ನರ್ಸಮ್ಮನಿಂದ ಗೊತ್ತಾಯಿತು. ದೇವನಹಳ್ಳಿ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಅವರ ಊರು ನಲ್ಲೂರಿಗೆ ಹೋದೆ. ತಾಯಿಯನ್ನು ಅಂಗಳದಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಡಾಕ್ಟರಮ್ಮ, ಕೈಯಿಂದ ತಾಯಿಯ ಹಣೆ ಸವರುತ್ತ ಕೂತಿದ್ದರು. ಸುತ್ತ ಊದುಬತ್ತಿಯ ಹೊಗೆ, ಬಿಸಿಲು, ಜನರ ಕಾಲಿನ ಧೂಳು. ಆ ಕಣ್ಣಿಗೆ ಅದೆಲ್ಲ ಎಂಥ ಹಿಂಸೆ ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಣ್ಣು ಕೆಂಡವಾಗಿತ್ತು, ಒಂದು ಹನಿಯಿಲ್ಲ.

ನನ್ನ ಹಿಂದೆ ಯಾರೋ ಹೆಂಗಸು ಪಿಸುಗುಟ್ಟಿದಳು: “ಹೆತ್ತ ತಾಯಿ ಕಣಮ್ಮ, ಒಂದು ತೊಟ್ಟು ನೀರು ಬಂತಾ ನೋಡು. ಓದ್ದೋರ್ ಎದೆ ಕಲ್ಲು.”

ಗರ್ರನೆ ತಿರುಗಿದೆ. “ಯಾರೇ ಅದು, ಬಾಯ್ಮುಚ್ಕೊಂಡು...” ಎನ್ನುವಷ್ಟರಲ್ಲಿ ಡಾಕ್ಟರಮ್ಮ ನನ್ನ ಕೈ ಹಿಡಿದು ಕೆಳಗೆ ಎಳೆದು ಕೂರಿಸಿದರು.

“ಬಿಡು. ಅವ್ರಿಗೇನು ಗೊತ್ತು,” ಎಂದರು. ತುಟಿ ಒಣಗಿ ಸೀಳಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ, “ಬೆಳಗ್ಗೆಯಿಂದ ಅಳ್ತಾನೇ ಇದೀನಿ ಕಣೇ. ನೀರು ಬರ್ತಿಲ್ಲ. ಉರೀತಿದೆ, ಅಮ್ಮನ ಮುಖ ಕಾಣಿಸ್ತಿಲ್ಲ. ಮದ್ದಿನ ಬ್ಯಾಗ್ ಎಲ್ಲಿಟ್ನೋ,” ಎಂದರು.

ನನ್ನ ಪರ್ಸಿನಲ್ಲಿ ಕೊಳವೆಗಳಿದ್ದವು. ಅವರೇ ಬರೆದುಕೊಟ್ಟಿದ್ದು. ಒಂದರ ತುದಿ ಮುರಿದೆ, ಅವರ ತಲೆಯನ್ನು ನನ್ನ ಭುಜಕ್ಕೆ ಒರಗಿಸಿ, ಕೆಳರೆಪ್ಪೆ ಎಳೆದು, ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟೆ. ನನ್ನ ಕಣ್ಣು ಉಳಿಸಿಕೊಟ್ಟವರಿಗೆ ಜೀವಮಾನದಲ್ಲಿ ನಾನು ಮಾಡಿದ್ದು ಅಷ್ಟೇ.

“ಇನ್ನೊಂದು,” ಎಂದರು.

ಇನ್ನೊಂದು ಬಿಟ್ಟೆ. ಕಣ್ಣು ತುಂಬಿ, ಮದ್ದು ಕೆನ್ನೆಯ ಮೇಲೆ ಇಳಿಯಿತು. ಹಿಂದಿನ ಹೆಂಗಸು, “ಅಯ್ಯೋ ಪಾಪ, ಅತ್ತುಬಿಟ್ರಲ್ಲ,” ಎಂದು ತಾನೂ ಸೆರಗು ಬಾಯಿಗಿಟ್ಟುಕೊಂಡಳು.

“ಸಾಕಾ ಮೇಡಂ?” ಎಂದು ಕೇಳಿದೆ.

ಅವರು ತಾಯಿಯ ಮುಖವನ್ನೇ ನೋಡುತ್ತಿದ್ದರು.

“ಇನ್ನೂ ಹಾಕೇ,” ಎಂದರು. “ಅಮ್ಮಂಗೆ ಇಷ್ಟು ಸಾಲಲ್ಲ.”