‘ನೋಡೋಣ್ರಿ’ ಎಂಬ ಉತ್ತರ

ನಮ್ಮ ಕೊಪ್ಪಳ ಸೀಮೆಯ ಜನರ ಮುಂದೆ ‘ಹೌದು’, ‘ಇಲ್ಲ’ ಎಂಬ ಎರಡೇ ಉತ್ತರಗಳನ್ನಿಟ್ಟು ಒಂದನ್ನು ಆರಿಸಿಕೊಳ್ಳಿ ಎಂದರೆ, ಅವರು ಎರಡನ್ನೂ ಪಕ್ಕಕ್ಕೆ ಸರಿಸಿ ಮೂರನೆಯದೊಂದನ್ನು ಹುಡುಕಿಕೊಳ್ಳುತ್ತಾರೆ. ಈ ಜ್ಞಾನೋದಯ ನನಗಾದದ್ದು ಮಗಳು ವೀಣಾಳ ಮದುವೆಯ ಹೊತ್ತಿನಲ್ಲಿ. ಬೀಗರ ಊರಾದ ಗಂಗಾವತಿಯಲ್ಲಿ ನಾವು ಹಿಡಿದ ಕಲ್ಯಾಣ ಮಂಟಪ ಚಿಕ್ಕದು. ಅಡುಗೆಯವರು ವಾರ ಮೊದಲೇ ಮಂದಿಯ ಲೆಕ್ಕ ಕೇಳಿದ್ದರು. ಮದುವೆಯ ಮನೆಗಳಲ್ಲಿ ಉಣ್ಣುವುದಕ್ಕಿಂತ ಚೆಲ್ಲುವುದೇ ಹೆಚ್ಚೆಂದು ಬೇಸತ್ತಿದ್ದ ವೀಣಾ, ಲಗ್ನಪತ್ರಿಕೆಯ ಬೆನ್ನಿಗೇ ಎಲ್ಲರ ಮೊಬೈಲಿಗೆ ಒಂದು ನಮೂನೆ ಕಳಿಸಿದಳು. ‘ಬರುತ್ತೀರಾ? ಎಷ್ಟು ಜನ?’ ಎಂಬ ಎರಡೇ ಪ್ರಶ್ನೆ.

ಉತ್ತರಗಳೇನೋ ಬಂದವು, ಆದರೆ ಕೇಳಿದ ಪ್ರಶ್ನೆಗಲ್ಲ. ಕೈಮುಗಿದ ಚಿತ್ರಗಳು ಬಂದವು, ಗುಲಾಬಿಗಳು ಬಂದವು, ‘ನವದಂಪತಿಗಳಿಗೆ ಶುಭವಾಗಲಿ’ ಎಂಬ ಹಾರೈಕೆ ಮದುವೆಗೆ ಇಪ್ಪತ್ತು ದಿನ ಮೊದಲೇ ಬಂದಿತು. ಬರುವವರೆಷ್ಟು ಎಂಬುದು ಮಾತ್ರ ಬರಲಿಲ್ಲ. ಕಡೆಗೆ ಫೋನು ಮಾಡಿ ಕೇಳುವ ಕೆಲಸ ನಿವೃತ್ತ ಕನ್ನಡ ಮಾಸ್ತರನಾದ ನನ್ನ ಕೊರಳಿಗೆ ಬಿತ್ತು. ಮಾಡಿದ ಕಡೆಯೆಲ್ಲ ಸಿಕ್ಕಿದ್ದು ಒಂದೇ ಮಾತು: “ನೋಡೋಣ್ರಿ.” ವ್ಯಾಕರಣದಲ್ಲಿ ಸಂಭಾವನಾರ್ಥಕವೆಂಬ ಕ್ರಿಯಾರೂಪವೊಂದಿದೆ. ‘ಬಂದಾರು’ ಎಂದರೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ವರ್ಷಗಟ್ಟಲೆ ಸಂಬಳ ಪಡೆದು ಅದನ್ನು ಪಾಠ ಮಾಡಿದ ನನಗೆ, ಅದರ ನಿಜವಾದ ಅರ್ಥವನ್ನು ಸಂಭಾವನೆಯಿಲ್ಲದೆ ಕಲಿಸಿಕೊಟ್ಟವರು ನನ್ನ ನೆಂಟರು. ಹುಲಿಹೈದರದ ದೊಡ್ಡಪ್ಪನ ಮಗನಂತೂ ಕೇಳಿದ್ದಕ್ಕೇ ನೊಂದುಕೊಂಡ. “ನಾವು ಮನೀ ಮಂದಿ ಅದೀವಿ. ನಮ್ಮನ್ನೂ ಎಣಿಸ್ತಿಯೇನೋ ತಮ್ಮಾ?” ಎಂದ. ಬರುತ್ತಾನೋ ಇಲ್ಲವೋ ಎಂಬುದನ್ನು ಮಾತ್ರ ಹೇಳದೆಯೇ ಫೋನಿಟ್ಟ.

ಇವರೆಲ್ಲರ ಮೇಲೆ ನನಗೆ ಬಂದದ್ದು ಹುಸಿಮುನಿಸು. ಆದರೆ ಕುಷ್ಟಗಿಯ ಶೇಖರಗೌಡನ ಮೇಲೆ ಬಂದದ್ದು ನಿಜವಾದ ಮುನಿಸು. ಕಾಲೇಜಿನ ದಿನಗಳಲ್ಲಿ ಕೊಪ್ಪಳದ ಒಂದೇ ಕೋಣೆಯಲ್ಲಿ ಒಂದೇ ಬುತ್ತಿಯನ್ನು ಹಂಚಿಕೊಂಡು ಉಂಡವರು ನಾವು. ವೀಣಾ ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಬಂದವನು ಅವನು. ಅಂಥವನು ಮೂರು ಸಲ ಫೋನು ಮಾಡಿದರೂ “ನೋಡ್ತೀನಿ ಮಾಸ್ತರ, ಹೇಳ್ತೀನಿ” ಎಂದು ಜಾರಿಕೊಂಡ. ನಾಲ್ಕನೆಯ ಸಲ ಎತ್ತಲೇ ಇಲ್ಲ.

“ಫೋನಿನ್ಯಾಗ ಸಿಟ್ಟ ಮಾಡಬ್ಯಾಡ್ರಿ. ಹೋಗಿ ಮಾರಿ ನೋಡಿ ಬರ್ರಿ,” ಎಂದಳು ನನ್ನಾಕೆ ಗಿರಿಜಾ. ಮರುದಿನವೇ ಕುಷ್ಟಗಿಯ ಬಸ್ಸು ಹತ್ತಿದೆ. ನಲವತ್ತು ವರ್ಷಗಳ ಸ್ನೇಹವನ್ನು ಎರಡೇ ವಾಕ್ಯಗಳಲ್ಲಿ ನಾಚಿಸಬಲ್ಲ ಒಂದು ಮೊನಚಾದ ಮಾತನ್ನು ದಾರಿಯುದ್ದಕ್ಕೂ ಮಸೆಯುತ್ತ ಹೋದೆ. ಮೊನಚು ಮಾತು ನನ್ನ ಸ್ವಯಾರ್ಜಿತ ಆಸ್ತಿ. ಅದನ್ನು ಎಲ್ಲೆಂದರಲ್ಲಿ ಖರ್ಚು ಮಾಡುವುದು ನನ್ನ ಚಟ.

ಶೇಖರಗೌಡ ಊರಾಚೆಯ ತನ್ನ ದಾಳಿಂಬೆ ತೋಟದಲ್ಲಿದ್ದ. ನನ್ನನ್ನು ಕಂಡವನ ಮುಖ ಅರಳಿತು, ಮರುಗಳಿಗೆಯೇ ಬಾಡಿತು. ಬೇವಿನ ನೆರಳಲ್ಲಿ ಹೊರಸು ಹಾಕಿ ಕೂರಿಸಿದ, ಚಹಾ ತರಿಸಿದ. ಮಳೆಯ ಮಾತಾಯಿತು, ಬೆಳೆಯ ಮಾತಾಯಿತು. ಮದುವೆಯ ಮಾತೊಂದು ಬಿಟ್ಟು ಎಲ್ಲವೂ ಆಯಿತು. ನಾನು ಮಸೆದು ತಂದ ಮಾತನ್ನು ಇನ್ನೇನು ಹೊರತೆಗೆಯಬೇಕು, ಆಗ ಅವನೇ ಬಾಯಿಬಿಟ್ಟ.

“ಸುಮಂಗಲಾ ಮದುವಿಗಿ ಹೋಗೋದು ಬಿಟ್ಟಾಳ, ಮಾಸ್ತರ. ಆಕಿನ್ನ ಬಿಟ್ಟು ನಾವು ಗಂಡ ಹೆಂಡ್ತಿ ಇಬ್ರ ಬಂದು ಉಣ್ಣಾಕ ಮನಸಾಗವಲ್ದು. ‘ಬರಂಗಿಲ್ಲ’ ಅಂತ ನಿನಗ ಯಾವ ಬಾಯಿಲೆ ಹೇಳ್ಲಿ?”

ಸುಮಂಗಲಾ ಅವನ ಮಗಳು. ಮೂವತ್ತನಾಲ್ಕು ವಯಸ್ಸು. ಒಮ್ಮೆ ನಿಶ್ಚಯವಾದ ಸಂಬಂಧ, ಪತ್ರಿಕೆ ಅಚ್ಚಾದ ಮೇಲೆ ಗಂಡಿನವರ ಕಡೆಯಿಂದಲೇ ಮುರಿದುಬಿದ್ದಿತ್ತು. ಆ ಮೇಲೆ ಆಕೆ ಆ ವಿಷಯವನ್ನೇ ಬದಿಗಿಟ್ಟು ತೋಟವನ್ನು ಕೈಗೆ ತೆಗೆದುಕೊಂಡಿದ್ದಳು.

“ಯಾಕ, ಆಕಿಗಿ ಯಾರರ ಏನರ ಅಂದ್ರೇನು?” ಎಂದೆ.

ಅವನು ಚಹಾದ ಲೋಟವನ್ನು ಕೆಳಗಿಟ್ಟ. “ಮಂದಿ ಅನ್ಕೋಂತನ ಇರ್ತಾರ.” ಆಮೇಲೆ ನನ್ನ ಮುಖ ನೋಡಿ, “ಯಲಬುರ್ಗಿ ಮದುವ್ಯಾಗ ನೀನೂ ಒಂದ ಮಾತ ಅಂದಿದ್ದಿ,” ಎಂದ.

ನೆನಪಾಯಿತು. ನೆನಪಾಯಿತು ಎನ್ನುವುದೂ ಅರ್ಧಸತ್ಯ. ಅದನ್ನು ನಾನು ಮರೆತೇ ಇರಲಿಲ್ಲ, ನನ್ನ ಒಳ್ಳೆಯ ಮಾತುಗಳ ಸಾಲಿನಲ್ಲಿ ಜತನವಾಗಿಟ್ಟಿದ್ದೆ. ಎರಡು ವರ್ಷದ ಹಿಂದೆ, ಊಟದ ಪಂಕ್ತಿಯಲ್ಲಿ ನನ್ನ ಎದುರಿಗೇ ಕುಳಿತಿದ್ದ ಸುಮಂಗಲಾಳಿಗೆ ಎಲ್ಲರಿಗೂ ಕೇಳುವಂತೆ ಹೇಳಿದ್ದೆ: “ಮಂದಿ ಮದುವಿ ಹೋಳಿಗಿ ಎಷ್ಟ ದಿನ ತಿಂತಿಯವ್ವಾ, ನಿಂದೂ ಒಂದಿಷ್ಟ ನಮಗ ತಿನಸು.” ಇಡೀ ಪಂಕ್ತಿ ನಕ್ಕಿತ್ತು, ಆಕೆಯೂ ನಕ್ಕಿದ್ದಳು. ಆ ನಗೆಯನ್ನು ನನ್ನ ಜಾಣ್ಮೆಗೆ ಸಂದ ಪುರಸ್ಕಾರವೆಂದು ತಿಳಿದು, ಮನೆಗೆ ಬಂದು ಗಿರಿಜಾಳಿಗೂ ಹೇಳಿದ್ದೆ. ಗಿರಿಜಾ ಅಂದು ಯಾಕೆ ನಗಲಿಲ್ಲವೆಂಬುದು ನನಗೆ ಹೊಳೆದದ್ದು ಆ ಹೊರಸಿನ ಮೇಲೆ ಕುಳಿತಾಗ.

ಸುಮಂಗಲಾ ತೋಟದ ಶೆಡ್ಡಿನಲ್ಲಿ ಇಬ್ಬರು ಹೆಣ್ಣಾಳುಗಳ ಜೊತೆ ಹಣ್ಣು ವಿಂಗಡಿಸುತ್ತಿದ್ದಳು. ನಾನು ಹೋದೊಡನೆ ಅವರನ್ನು ಊಟಕ್ಕೆ ಕಳಿಸಿ, “ಬರ್ರಿ ಕಾಕಾ,” ಎಂದು ಕುರ್ಚಿ ಹಾಕಿದಳು. ನಾನು ಕೂರಲಿಲ್ಲ. ಇಡೀ ಶಾಲೆಗೆ ಭಾಷಣ ಬರೆದುಕೊಡುತ್ತಿದ್ದವನಿಗೆ ಆ ಹೊತ್ತು ಒಂದು ಸಾಧಾರಣ ವಾಕ್ಯ ಹೊಂದಿಸುವುದು ಕಷ್ಟವಾಯಿತು.

“ಸುಮಾ, ಅವತ್ತ ನಾ ಆ ಮಾತ ಅನ್ನಬಾರದಿತ್ತು. ನಂದು ತಪ್ಪಾತು.”

ಆಕೆಯ ಕೈ ನಿಲ್ಲಲಿಲ್ಲ. ಒಂದು ಹಣ್ಣನ್ನು ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದಳು. “ಬಿಡ್ರಿ ಕಾಕಾ. ಎಲ್ಲಾರೂ ಅಂತಾರ.” ಇನ್ನೊಂದು ಹಣ್ಣು ಎತ್ತಿಕೊಂಡಳು. “ಆದ್ರ ಬ್ಯಾರೇದವರು ಅಂತಾರ ಅಂತ ಗೊತ್ತಿರ್ತಿತ್ತು, ಮನಸ ಗಟ್ಟಿ ಮಾಡ್ಕೊಂಡು ಹೋಗಿರ್ತಿದ್ದೆ. ನೀವು ಅಂತೀರಂತ ಗೊತ್ತಿರಲಿಲ್ಲ.”

ಬಿಡುವಿನ ದಿನಗಳಲ್ಲಿ ನಮ್ಮ ಮನೆಗೆ ಬಂದು, ನನ್ನ ಕಪಾಟಿನ ಕಥೆ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ ಹುಡುಗಿ ಇವಳು. ಮದುವೆಗೆ ಬರುತ್ತೀಯಾ ಎಂದು ಕೇಳಲು ನಾಲಗೆ ಏಳಲಿಲ್ಲ. ಆಕೆಯೂ ಹೇಳಲಿಲ್ಲ. ಬಸ್ಸಿಗೆ ಹೊರಟಾಗ ಒಂದು ಚೀಲ ಹಣ್ಣು ಕೈಗಿಟ್ಟು, “ವೀಣಾಗ ಕೊಡ್ರಿ,” ಎಂದಳು ಅಷ್ಟೇ.

ಮನೆಗೆ ಬಂದಾಗ ವೀಣಾ ಪಟ್ಟಿ ಹಿಡಿದು ಕಾದಿದ್ದಳು. “ಕುಷ್ಟಗಿಯವರದು ಏನಂತ ಬರಕೊಳ್ಳಲಿ ಅಪ್ಪಾ?” ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಒಂದು ಎಲೆಯೂ ಹೆಚ್ಚಾಗಬಾರದೆಂದು ಎಲ್ಲರನ್ನೂ ಕಾಡಿದ್ದ ಹುಡುಗಿ ಆ ಸಾಲನ್ನು ಖಾಲಿ ಬಿಟ್ಟು, ಅಡುಗೆಯವರಿಗೆ ಮೂರು ಜನ ಹೆಚ್ಚಿಗೆ ಹೇಳಿದಳು. ಅಂದಿನಿಂದ ಯಾರಿಗೂ ನಾನು ಮತ್ತೆ ಫೋನು ಮಾಡಲಿಲ್ಲ. ‘ನೋಡೋಣ್ರಿ’ ಎಂದವರಲ್ಲಿ ಎಷ್ಟು ಜನ ಬರಲಾರದೆ, ಬರುವುದಿಲ್ಲವೆನ್ನಲೂ ಆರದೆ ನಿಂತಿದ್ದರೋ! ಉತ್ತರ ತಡವಾದರೆ ಪ್ರಶ್ನೆ ಕೇಳಿದವನೂ ಒಮ್ಮೆ ತನ್ನನ್ನು ನೋಡಿಕೊಳ್ಳುವುದು ಒಳ್ಳೆಯದು.

ಮದುವೆಯ ದಿನ ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಬಾಗಿಲಲ್ಲಿ ಮೂವರೂ ಕಾಣಿಸಿದರು. ಮುಂದೆ ಶೇಖರಗೌಡ, ಹಿಂದೆ ಅವನ ಹೆಂಡತಿ, ಅವಳ ಪಕ್ಕದಲ್ಲಿ ಕಡುಹಸಿರು ಸೀರೆಯುಟ್ಟ ಸುಮಂಗಲಾ. ನಾನು “ಬರ್ರಿ” ಎಂದು ಮುಂದಿನ ಸಾಲಿನ ಕುರ್ಚಿಗಳತ್ತ ಕರೆದೊಯ್ದೆ.

ಊಟದ ಪಂಕ್ತಿಯಲ್ಲಿ ಗಿರಿಜಾಳ ಸೋದರತ್ತೆ ಸುಮಂಗಲಾಳ ಪಕ್ಕಕ್ಕೇ ಬಂದು ಕುಳಿತರು. ಎಂಬತ್ತರ ಹಿರಿಯರು, ಮನಸ್ಸಿನಲ್ಲಿ ಕಲ್ಮಷವಿಲ್ಲ, ದನಿಯಲ್ಲಿ ತಗ್ಗಿಲ್ಲ. “ಏನವ್ವಾ, ನಿಂದ ಯಾವಾಗ?” ಎಂದರು. ಸಾರಿನ ಪಾತ್ರೆ ಹಿಡಿದು ನಾನು ಎದುರಿಗೇ ಇದ್ದೆ. ಮಾತನ್ನು ತಿರುಗಿಸಬಲ್ಲ ಚಾಟೂಕ್ತಿಗಳು ಎರಡು ಮೂರು ನಾಲಗೆಯ ತುದಿಗೆ ಬಂದವು, ಎಲ್ಲರನ್ನೂ ನಗಿಸುವಂಥವೇ. ಒಂದನ್ನೂ ಆಡಲಿಲ್ಲ.

“ಅತ್ತಿ, ಆಕಿನ್ನ ಅದನ್ನ ಕೇಳಬ್ಯಾಡ್ರಿ,” ಎಂದೆ.

ಯಾರೂ ನಗಲಿಲ್ಲ. ಅತ್ತೆ ನನ್ನನ್ನೂ ಆಕೆಯನ್ನೂ ಒಮ್ಮೆ ನೋಡಿದರು. ಆಮೇಲೆ, “ಹೋಗ್ಲಿ ಬಿಡು. ಉಣ್ಣವ್ವಾ, ಛಲೋ ಮಾಡ್ಯಾರ,” ಎಂದು ತಮ್ಮ ಮುಂದಿದ್ದ ತುಪ್ಪದ ಬಟ್ಟಲನ್ನು ಆಕೆಯ ಕಡೆಗೆ ಸರಿಸಿದರು.

ಸಂಜೆ ಅವರು ಹೊರಟಾಗ ಕಾರಿನವರೆಗೆ ಹೋದೆ. ಬಿ.ಎಡ್. ಓದುತ್ತಿರುವ ನನ್ನ ಮಗ ಅವರ ಚೀಲ ಒಳಗಿಡುತ್ತಿದ್ದ. ಸುಮಂಗಲಾ ಅವನನ್ನು ನೋಡಿ, ನನ್ನ ಕಡೆ ತಿರುಗಿದಳು.

“ಇವನ ಮದುವಿಗಿ ಕರದ್ರ, ಕರದ ದಿನಾನ ಹೇಳ್ತೀನ್ರಿ ಕಾಕಾ,” ಎಂದಳು.