ಹೊತ್ತಲ್ಲದ ಹೊತ್ತಿನ ಕೂಗು

ಎರಡನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಬರುತ್ತಿರಲಿಲ್ಲ, ಉಳಿದೆಲ್ಲ ಬರುತ್ತಿತ್ತು. ಹೆಡ್‌ಮೇಷ್ಟ್ರ ಕೆಮ್ಮು, ನಮ್ಮ ಜನ್ನಾಪುರದ ಬಸ್ಸು ದಿಣ್ಣೆ ಹತ್ತುವಾಗಿನ ನರಳಾಟ, ಸಂತೆಯಲ್ಲಿ ಬೆಲೆ ಕೇಳಿ ನನ್ನ ಅಜ್ಜಿ ಎಳೆಯುವ ರಾಗ, ಏಟು ಬೀಳುವ ಮೊದಲೇ ಅಳುವ ನನ್ನದೇ ದನಿ, ಎಲ್ಲವನ್ನೂ ಬಾಯಲ್ಲೇ ತೆಗೆಯುತ್ತಿದ್ದೆ. ಆದರೆ ನಾನು ಹೆಸರು ಮಾಡಿದ್ದು ಕಬ್ಬಿಣದ ಕಾರ್ಖಾನೆಯ ಕೂಗಿನಲ್ಲಿ. ಪಾಳಿ ಬದಲಾಗುವ ಹೊತ್ತಿಗೆ ಭದ್ರಾವತಿಗೆಲ್ಲ ಕೇಳುತ್ತಿದ್ದ ಆ ಸೈರನ್ನು ನಮ್ಮ ಸ್ಕೂಲಿನ ತನಕ ಗಾಳಿಯಲ್ಲಿ ತೇಲಿ ಬರುವಾಗ ಮನುಷ್ಯನ ದನಿಯಷ್ಟೇ ಆಗಿರುತ್ತಿತ್ತು. ನಾನು ಅದನ್ನು ಮೂಗಿನಲ್ಲಿ ಶುರುಮಾಡಿ ಹೊಟ್ಟೆಯಲ್ಲಿ ಮುಗಿಸುತ್ತಿದ್ದೆ.

ನಮ್ಮ ಅಕ್ಕೋರು ದಿನಾ ಶಿವಮೊಗ್ಗದಿಂದ ರೈಲಿನಲ್ಲಿ ಬಂದು ಪಾಠ ಹೇಳುತ್ತಿದ್ದರು. ಶನಿವಾರ ಬೆಳಗಿನ ಸ್ಕೂಲು. ಬಿಡುವ ಮುಂಚೆ ಆಟ. ಒಬ್ಬರು ಹಿಂದೆ ಹೋಗಿ ನಿಂತು ಏನಾದರೊಂದು ಸದ್ದು ಮಾಡಬೇಕು. ಉಳಿದವರು ಬೋರ್ಡಿನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಅದು ಯಾವುದರ ಸದ್ದು ಅಂತ ಹೇಳಬೇಕು. ಅಕ್ಕೋರೂ ಕಣ್ಣು ಮುಚ್ಚುತ್ತಿದ್ದರು. ಕದ್ದು ನೋಡುತ್ತಿರಲಿಲ್ಲ, ಅದನ್ನು ನಾನು ಕದ್ದು ನೋಡಿ ಖಾತ್ರಿ ಮಾಡಿಕೊಂಡಿದ್ದೆ.

ಆ ಶನಿವಾರ ನನ್ನ ಸರದಿ. ಹಿಂದಿನ ಗೋಡೆಗೆ ಒರಗಿ ಎದೆ ತುಂಬ ಗಾಳಿ ಎಳೆದುಕೊಂಡೆ. ಬಾಯಿ ತೆರೆದೆ, ಅಷ್ಟೆ. ಕೂಗು ಮೊಳಗಿತು. ನಾನಿನ್ನೂ ಕೂಗಿರಲಿಲ್ಲ.

“ಕಾರ್ಖಾನೆ ಕೂಗು,” ಎಂದು ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು.

“ಇವತ್ತು ಎರಡು ಮುದ್ದೆ ಜಾಸ್ತಿ ತಿಂದು ಬಂದಿದಾನೆ,” ಮುಂದಿನ ಸಾಲಿನ ಹುಡುಗನೊಬ್ಬ ಅಂದ.

“ಸಾಕು ಮಾರಾಯ, ನಿಲ್ಸು. ಕಿವಿ ತೂತು ಬೀಳುತ್ತೆ,” ಕಣ್ಣು ಮುಚ್ಚಿಕೊಂಡೇ ಅಕ್ಕೋರು ನಕ್ಕರು.

ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಕಾರ್ಖಾನೆ ಹೊತ್ತಲ್ಲದ ಹೊತ್ತಿಗೆ ಕೂಗಿದರೆ ಒಳಗೆ ಯಾರಿಗೋ ಏನೋ ಆಗಿದೆ ಎಂದು ಜನ್ನಾಪುರದ ಮಕ್ಕಳಿಗೆಲ್ಲ ಗೊತ್ತಿತ್ತು. ನನ್ನ ಅಪ್ಪ ಬೆಳಗಿನ ಪಾಳಿಯಲ್ಲಿದ್ದ, ಕುಲುಮೆಯ ಹತ್ತಿರ. ನಾನಲ್ಲ ಎಂದು ಹೇಳೋಣವೆಂದರೆ ತೆರೆದ ಬಾಯಿ ತೆರೆದೇ ಇತ್ತು. ಚಡ್ಡಿ ಮಾತ್ರ ನಿಂತ ಹಾಗೇ ಒದ್ದೆಯಾಗಿ ಹೇಳುವುದನ್ನು ಹೇಳಿತು.

ಒಬ್ಬ ಹುಡುಗಿ ತಿರುಗಿ ನೋಡಿದಳು. ಅವಳ ಅಣ್ಣನದೂ ಅದೇ ಪಾಳಿ. “ಅಕ್ಕೋರೆ, ಇವ್ನು ಕೂಗ್ತಿಲ್ಲ,” ಅಂದಳು.

ಚಪ್ಪಾಳೆ ನಿಂತಿತು. ಯಾರೋ ಅಳಲು ಶುರುಮಾಡಿದರು. ಅಕ್ಕೋರು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, “ಎಲ್ರೂ ಕಣ್ಣು ಮುಚ್ಚಿ. ಈಗ ನನ್ನ ಸರದಿ,” ಅಂದರು. ಆಮೇಲೆ ಮಿಯಾಂವ್ ಅಂದರು. ಅಂಥ ಕೆಟ್ಟ ಬೆಕ್ಕನ್ನು ನಾನು ಇವತ್ತಿಗೂ ಕೇಳಿಲ್ಲ. ಅಷ್ಟು ಮಕ್ಕಳಲ್ಲಿ ಒಬ್ಬರೂ ಬೆಕ್ಕು ಅನ್ನಲಿಲ್ಲ. ಮತ್ತೆ ಮಿಯಾಂವ್ ಅಂದರು. ಹೊರಗೆ ಕೂಗು ನಿಲ್ಲುವವರೆಗೂ ಒಳಗೆ ಆ ಬೆಕ್ಕು ಅರಚುತ್ತಲೇ ಇತ್ತು.

ಬೆಲ್ ಹೊಡೆದದ್ದೇ ತಡ, ಕಾರ್ಖಾನೆಯ ಗೇಟಿಗೆ ಓಡಿದೆ.

“ಕೂಗು ಕೆಟ್ಟಿತ್ತು ಕಣೋ. ರಿಪೇರಿ ಮಾಡಿ ನೋಡಿದ್ರು, ಅಷ್ಟೇಯ. ಮನೆಗೆ ಹೋಗು,” ಅಂದ ಕಾವಲಿನವನು.

ನಂಬಲಿಲ್ಲ. ಇಲ್ಲದ್ದನ್ನು ಇದೆ ಅನ್ನಿಸುವಂತೆ ದನಿ ತೆಗೆಯುವುದು ಎಷ್ಟು ಸುಲಭವೆಂದು ನನಗಿಂತ ಯಾರಿಗೆ ಗೊತ್ತು? ಅವನ ಸಮಾಧಾನದಲ್ಲೂ ನನಗೆ ಅಕ್ಕೋರ ಬೆಕ್ಕೇ ಕೇಳಿಸಿತು. ಗೇಟಿನ ಕಂಬಿ ಹಿಡಿದುಕೊಂಡು ಅಲ್ಲೇ ನಿಂತೆ.

ಎರಡು ಗಂಟೆಗೆ ಪಾಳಿಯ ಕೂಗಾಯಿತು. ಮಸಿ ಮುಖಗಳ ಗುಂಪಿನಿಂದ ಒಂದು ಮಸಿ ಮುಖ ಸೈಕಲ್ ತಳ್ಳಿಕೊಂಡು ನನ್ನ ಕಡೆ ಬಂತು.

“ಇಲ್ಲೇನೋ ಮಾಡ್ತಿದೀಯ?”

ಬಾಯಿ ತೆರೆದೆ. ಬರೀ ಉಸಿರು ಬಂತು. ಅಪ್ಪ ನನ್ನ ಮುಖ ನೋಡಿದ, ಚಡ್ಡಿಯ ಮೇಲೆ ಒಣಗಿದ ಕಲೆ ನೋಡಿದ. ಏನೂ ಕೇಳದೆ ಎತ್ತಿ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿದ.

“ಯಾಕೋ, ಇವತ್ತು ನಿನ್ನ ಕಾರ್ಖಾನೆಗೆ ರಜಾನಾ?”

ಹ್ಯಾಂಡಲ್ ಹಿಡಿದಿದ್ದ ಅವನ ಬೆರಳುಗಳೆಲ್ಲ ಇವೆಯೇ ಎಂದು ಜನ್ನಾಪುರ ಬರುವವರೆಗೂ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.